ವೇಷ ಮರೆಸಿ ಬಂದ ದೊಡ್ಡವರು

ಅತಿಮಾನವ ವೀರನೊಬ್ಬನ ಹೊಸ ಚಲನಚಿತ್ರ ತೆರೆಗೆ ಬಂದಾಗಲೆಲ್ಲ ಅದರ ಅಭಿಮಾನಿಗಳಾದ ತರುಣರ ನಡುವೆ ಒಂದು ವಾದ ಹುಟ್ಟಿಕೊಳ್ಳುವುದುಂಟು. ಮುಖವಾಡವನ್ನು ಧರಿಸಿ ದುಷ್ಟರನ್ನು ದಂಡಿಸುವ ಆ ವೀರನು ತನ್ನ ನಿಜವಾದ ಹೆಸರನ್ನೂ ಮನೆಯನ್ನೂ ಲೋಕದಿಂದ ಮರೆಸಿಟ್ಟುಕೊಳ್ಳುವುದು ಉಚಿತವೇ, ಅಥವಾ ಎಲ್ಲರೆದುರಿಗೆ ಬಂದು ತಾನಾರೆಂಬುದನ್ನು ಸಾರುವುದು ಪೌರುಷವೇ ಎಂಬುದು ಆ ವಾದದ ತಿರುಳು. ಒಂದು ಪಕ್ಷದವರು ಹೇಳುವರು: ಗುರುತು ಬಯಲಾದರೆ ಶತ್ರುಗಳು ಅವನ ತಾಯಿಯನ್ನೂ ನಲ್ಲೆಯನ್ನೂ ಮಿತ್ರರನ್ನೂ ಬಾಧಿಸುವರು, ಆದಕಾರಣ ಅಜ್ಞಾತನಾಗಿರುವುದು ಅವನ ಕರ್ತವ್ಯ. ಇನ್ನೊಂದು ಪಕ್ಷದವರ ಮಾತು: ಹೆಸರನ್ನು ಮರೆಸಿದವನು ತಾನು ಮಾಡಿದ ಕಾರ್ಯಕ್ಕೆ ಉತ್ತರವಾದಿಯಾಗಲಾರನು, ಅಧಿಕಾರವುಳ್ಳವನು ಮುಖವನ್ನು ತೋರಿಸಲೇಬೇಕು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಬೆಳೆದ ತರುಣರೂ ಈ ವಾದದಲ್ಲಿ ಉತ್ಸಾಹದಿಂದ ತೊಡಗುವರು. ಅವರ ಅಜ್ಜಅಜ್ಜಿಯರು ಇದೇ ಪ್ರಶ್ನೆಯನ್ನು ಎತ್ತುವ ಕಥೆಗಳನ್ನು ಶತಮಾನಗಳಿಂದ ಇರುಳಿಡೀ ಕುಳಿತು ಕೇಳಿದವರೆಂಬುದನ್ನೂ, ಆ ಕಥೆಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವು ಇಂದಿನ ಚಲನಚಿತ್ರಗಳ ಉತ್ತರಕ್ಕಿಂತ ಗಹನವಾದುದೆಂಬುದನ್ನೂ ವಿವರಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಪರದೇಶದ ವೀರರ ವಂಶಾವಳಿಯನ್ನು ಸಂಕ್ಷೇಪವಾಗಿ ನೋಡೋಣ. 1905ರಲ್ಲಿ ಬ್ಯಾರನೆಸ್ ಆರ್ಕ್ಸಿ ಎಂಬ ಲೇಖಕಿಯು ಪ್ರಕಟಿಸಿದ 'ಸ್ಕಾರ್ಲೆಟ್ ಪಿಂಪರ್ನೆಲ್' ಕಾದಂಬರಿಯಲ್ಲಿ, ಮೇಲುನೋಟಕ್ಕೆ ವಿಲಾಸಿಯೂ ಮಂದಮತಿಯೂ ಆಗಿ ತೋರುವ ಆಂಗ್ಲ ಶ್ರೀಮಂತನೊಬ್ಬನು ಗುಪ್ತವಾಗಿ ಫ್ರಾನ್ಸಿನ ಮರಣಯಂತ್ರದಿಂದ ಜನರನ್ನು ಪಾರುಮಾಡುವನು. 1919ರಲ್ಲಿ ಜಾನ್‌ಸ್ಟನ್ ಮೆಕಲಿಯು ಸೃಷ್ಟಿಸಿದ ಜೋರೋ ಕಪ್ಪು ಮುಖವಾಡವನ್ನು ತೊಟ್ಟನು. 1938ರಲ್ಲಿ, ಯೆಹೂದಿ ವಲಸೆಗಾರರ ಮಕ್ಕಳಾದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರಿಬ್ಬರು ರಚಿಸಿದ ಸೂಪರ್‌ಮ್ಯಾನ್, ಕನ್ನಡಕ ಧರಿಸಿದ ಸಂಕೋಚಸ್ವಭಾವದ ಪತ್ರಕರ್ತನ ವೇಷದಲ್ಲಿ ನಗರವಾಸಿಯಾದನು. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಬಡ ವಿದ್ಯಾರ್ಥಿ. ತನ್ನನ್ನು ಸಾಕಿದ ಚಿಕ್ಕಮ್ಮನ ಕ್ಷೇಮಕ್ಕಾಗಿ ಅವನು ಹೆಸರನ್ನು ಮುಚ್ಚಿಟ್ಟವನು. 2008ರ 'ಐರನ್ ಮ್ಯಾನ್' ಚಿತ್ರದ ನಾಯಕನು ಕಡೆಯಲ್ಲಿ ಪತ್ರಕರ್ತರ ಮುಂದೆ ನಿಂತು ತಾನೇ ಆ ವೀರನೆಂದು ಘೋಷಿಸಿ ಹಳೆಯ ಸಂಪ್ರದಾಯವನ್ನು ಮುರಿದನು. 2021ರ ಸ್ಪೈಡರ್‌ಮ್ಯಾನ್ ಚಿತ್ರದಲ್ಲಾದರೋ ಗುರುತು ಬಯಲಾದುದರಿಂದ ಉಂಟಾದ ಅನರ್ಥವೇ ಕಥಾವಸ್ತು. ತರುಣರ ವಾದಕ್ಕೆ ಎರಡು ಕಡೆಯ ಪ್ರಮಾಣಗಳೂ ಹೀಗೆ ತೆರೆಯ ಮೇಲೆಯೇ ದೊರಕಿರುವುವು.

ಕನ್ನಡನಾಡಿಗೆ ಅಜ್ಞಾತವೀರನ ಕಲ್ಪನೆ ಹೊಸದಲ್ಲ. ವಿರಾಟನಗರದಲ್ಲಿ ಒಂದು ವರ್ಷದ ಅಜ್ಞಾತವಾಸವನ್ನು ಕಳೆದ ಪಾಂಡವರಲ್ಲಿ ಧರ್ಮರಾಯನು ಕಂಕಭಟ್ಟನಾದನು, ಭೀಮನು ಬಾಣಸಿಗ ವಲಲನಾದನು, ಅರ್ಜುನನು ಬೃಹನ್ನಳೆಯಾಗಿ ಅಂತಃಪುರದಲ್ಲಿ ನಾಟ್ಯವನ್ನು ಕಲಿಸಿದನು, ದ್ರೌಪದಿಯು ಸೈರಂಧ್ರಿಯಾಗಿ ರಾಣಿಯ ಸೇವೆಗೆ ನಿಂತಳು. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷದ ವನವಾಸ. ಆದ್ದರಿಂದ ಕೀಚಕನ ವಧೆಯನ್ನು ಕೂಡ ಭೀಮನು ಕತ್ತಲಲ್ಲಿಯೇ ಮಾಡಬೇಕಾಯಿತು. ಮಳೆ ಬಾರದ ವರ್ಷಗಳಲ್ಲಿ ಕುಮಾರವ್ಯಾಸಭಾರತದ ವಿರಾಟಪರ್ವವನ್ನು ಊರಿನ ಗುಡಿಯಲ್ಲಿ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ಆದರೆ ಕಾವೇರಿಯ ಎರಡು ದಡಗಳಲ್ಲಿಯೂ, ಮಲೆಯ ಸಾಲುಗಳಲ್ಲಿಯೂ ಹಬ್ಬಿದ ಈ ಸೀಮೆಯ ಜನ ವಿರಾಟಪರ್ವದಿಂದಲೇ ತೃಪ್ತರಾಗಲಿಲ್ಲ. ವೇಷ ಮರೆಸಿ ಬಂದ ತಮ್ಮವೇ ಆದ ದೊಡ್ಡವರನ್ನು ಅವರು ಕಂಡುಕೊಂಡು, ಅವರ ಚರಿತೆಯನ್ನು ಮಹಾಕಾವ್ಯಗಳಾಗಿ ಹಾಡಿದರು.

ಈ ಸೀಮೆಯ ಇತಿಹಾಸವೇ ವಿಚಿತ್ರವಾದುದು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಕೊಳ್ಳೇಗಾಲವು ಇಂಗ್ಲಿಷರ ವಶಕ್ಕೆ ಹೋಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದರ ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಒಂದೇ ಭಾಷೆಯನ್ನಾಡುವ, ಒಂದೇ ಜಾತ್ರೆಗೆ ನಡೆಯುವ ಜನರ ನಡುವೆ ಹೀಗೆ ಎರಡು ಸರಕಾರಗಳ ಎಲ್ಲೆ ಬಿದ್ದಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗಲೇ ಆ ಎಲ್ಲೆ ಅಳಿಸಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯು ರೂಪುಗೊಂಡಿತು; ಹನೂರು ಈಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಕಾಗದದ ಮೇಲಿನ ಈ ಎಲ್ಲೆಗಳನ್ನು ಲಕ್ಷಿಸದೆ ಒಂದೂವರೆ ಶತಮಾನದ ಕಾಲ ಕಾವೇರಿಯನ್ನು ದಾಟಿ ಅತ್ತಿಂದಿತ್ತ ನಡೆದವರು ಎರಡು ಪಂಗಡದ ಹಾಡುಗಾರರು: ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರು, ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರು. ರಾಜಕೀಯವು ಎರಡಾಗಿ ಒಡೆದ ಸೀಮೆಯನ್ನು ಹಾಡು ಒಂದಾಗಿ ಹಿಡಿದಿಟ್ಟಿತೆಂದರೆ ಅತಿಶಯೋಕ್ತಿಯಾಗದು.

ಮಂಟೇಸ್ವಾಮಿ ಕಾವ್ಯದ ಮೊದಲ ಘಟ್ಟವಾದ ಕಲ್ಯಾಣದ ಸಾಲು ವೇಷಾಂತರದ ಕಥೆಗಳಲ್ಲೆಲ್ಲ ಅತ್ಯಂತ ಉಗ್ರವಾದುದು. ಬಸವಣ್ಣನವರು ಕಲ್ಯಾಣಪಟ್ಟಣದಲ್ಲಿ ದಾಸೋಹವನ್ನು ನಡೆಸುತ್ತಿರುವರು. ಜಂಗಮರಾಗಿ ಬಂದವರಿಗೆಲ್ಲ ಅಲ್ಲಿ ಅನ್ನವುಂಟು, ಗೌರವವುಂಟು. ಇದನ್ನು ಕೇಳಿದ ಎಂಥೆಂಥವರೋ ವಿಭೂತಿಯನ್ನು ಬಳಿದುಕೊಂಡು, ರುದ್ರಾಕ್ಷಿಯನ್ನು ಧರಿಸಿ, ಕಾವಿಯನ್ನು ಉಟ್ಟು ಬಂದು ಪಂಕ್ತಿಯಲ್ಲಿ ಕುಳಿತರು. ಕಾವ್ಯದ ಲೆಕ್ಕದಲ್ಲಿ ಇಂಥವರು ಒಂದು ಲಕ್ಷದ ತೊಂಬತ್ತಾರು ಸಾವಿರ. ಆ ವೇಳೆಗೆ ಧರೆಗೆ ದೊಡ್ಡವರೆಂದು ಹೆಸರಾದ ಪರಂಜ್ಯೋತಿ ಮಂಟೇಸ್ವಾಮಿಯು, ಕುಷ್ಠದಿಂದ ಕೊಳೆತ ಮೈಯುಳ್ಳ ತಿರುಕನಾಗಿ, ನೊಣಗಳು ಮುತ್ತಿದ ಹುಣ್ಣುಗಳನ್ನೂ ಶರಣರಿಗೆ ಸಲ್ಲದ ಹೆಂಡಮಾಂಸಗಳನ್ನೂ ಹೊತ್ತು, ಕಲ್ಯಾಣದ ಬಾಗಿಲಿಗೆ ಬಂದನು. ಬಾಗಿಲು ಕಾಯುವವರು ಅವನನ್ನು ಬೈದು ಹೊಡೆದು ಅಟ್ಟಿದರು. ಅವನು ತಿಪ್ಪೆಯನ್ನೇ ಗದ್ದುಗೆ ಮಾಡಿಕೊಂಡನು. ಕಡೆಗೆ ಬಸವಣ್ಣನವರೂ ಅವರ ಮಡದಿ ನೀಲಮ್ಮನವರೂ ಅಸಹ್ಯಪಡದೆ, ಹೇಸದೆ, ಆ ಕೊಳಕು ದೇಹದಲ್ಲಿಯೇ ಗುರುವನ್ನು ಗುರುತಿಸಿ ಬರಮಾಡಿಕೊಂಡರು. ಅವನು ಒಡ್ಡಿದ ಪರೀಕ್ಷೆಯನ್ನು ಎದುರಿಸಲಾರದೆ ಸುಳ್ಳುಜಂಗಮರೆಲ್ಲರೂ ಚದುರಿ ಓಡಿದರು.

ಈ ಕಥೆಯ ರಚನೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಅದರಲ್ಲಿ ಎರಡು ವಿಧದ ವೇಷಗಳಿರುವುದು ಗೋಚರಿಸುವುದು. ಪಂಕ್ತಿಯಲ್ಲಿ ಕುಳಿತವರದು ಒಂದು ವೇಷ, ತಿಪ್ಪೆಯಲ್ಲಿ ಕುಳಿತವನದು ಇನ್ನೊಂದು. ಪಂಕ್ತಿಯವರು ಕೀಳನ್ನು ಮರೆಸಲು ಮೇಲಿನ ವೇಷವನ್ನು ತೊಟ್ಟರು. ತಿಪ್ಪೆಯವನು ಮೇಲನ್ನು ಮರೆಸಲು ಕೀಳೆನಿಸಿದ ವೇಷವನ್ನು ತೊಟ್ಟನು. ಅವರ ವೇಷ ಅನ್ನಕ್ಕಾಗಿ, ಇವನ ವೇಷ ಸತ್ಯಕ್ಕಾಗಿ. ಅತಿಮಾನವ ವೀರನು ತನ್ನನ್ನೂ ತನ್ನವರನ್ನೂ ಶತ್ರುವಿನಿಂದ ಕಾಯಲು ಮುಖವನ್ನು ಮುಚ್ಚಿಕೊಳ್ಳುವನಾದರೆ, ಮಂಟೇಸ್ವಾಮಿಗೆ ಕಾಯಬೇಕಾದುದು ಯಾವುದೂ ಇಲ್ಲ. ಅವನ ಮುಚ್ಚುಮರೆಯಿಂದ ಬಯಲಾದುದು ಎದುರಿಗೆ ನಿಂತವರ ಅಂತರಂಗ. ಇತಿಹಾಸದ ದೃಷ್ಟಿಯಿಂದ ಇನ್ನೊಂದು ವಿಶೇಷವನ್ನೂ ಇಲ್ಲಿ ಗಮನಿಸಬೇಕು. ಬಸವಣ್ಣನವರು 12ನೆಯ ಶತಮಾನದವರು. ಮಂಟೇಸ್ವಾಮಿಯ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 15–16ನೆಯ ಶತಮಾನಕ್ಕೆ ತರುವರು. ಶತಮಾನಗಳ ಅಂತರವನ್ನು ಹಾಡುಗಾರರು ಅಳಿಸಿಹಾಕಿ, ತಮ್ಮ ಗುರುವನ್ನು ಕಲ್ಯಾಣದ ಬಾಗಿಲಿಗೇ ಕಳುಹಿಸಿದುದು ಅಜ್ಞಾನದಿಂದ ಆದ ಕಾಲವ್ಯತ್ಯಾಸವಲ್ಲ. ಜಾತಿಯನ್ನು ಅಳಿಸಲು ಹುಟ್ಟಿದ ಮಹಾಚಳುವಳಿಯೊಂದು ಕಾಲಾನಂತರದಲ್ಲಿ ತನ್ನ ಬಾಗಿಲಿಗೆ ಕಾವಲನ್ನು ಹಾಕಿಕೊಂಡಿತೆ ಎಂಬ ಪ್ರಶ್ನೆಯನ್ನು, ಆ ಬಾಗಿಲ ಹೊರಗೆ ನಿಂತ ಜನ, ಬಸವಣ್ಣನವರ ಮೇಲಿನ ಗೌರವಕ್ಕೆ ಎಳ್ಳಷ್ಟೂ ಕುಂದು ಬಾರದಂತೆ, ಕಥೆಯ ಮುಖದಿಂದ ಕೇಳಿದರು.

ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ನಡೆದ ಮಂಟೇಸ್ವಾಮಿಗೆ ರಾಚಪ್ಪಾಜಿಯೂ ದೊಡ್ಡಮ್ಮತಾಯಿಯೂ ಶಿಶುಮಕ್ಕಳಾದರು. ಆದರೆ ಈ ಸೀಮೆಯ ಜನರ ಹೃದಯವನ್ನು ಸೂರೆಗೊಂಡವನು ಸಿದ್ದಪ್ಪಾಜಿ. ಮದ್ದೂರಿನ ಕಡೆಯ ನಿಡುಘಟ್ಟದಲ್ಲಿ, ಕಮ್ಮಾರಿಕೆಯ ಪಾಂಚಾಳರ ಮನೆಯಲ್ಲಿ, ಬಾಚಿ ಬಸವಯ್ಯ ಮತ್ತು ಮುದ್ದಮ್ಮ ಎಂಬ ದಂಪತಿಗಳ ಮಗನಾಗಿ ಹುಟ್ಟಿದ ಕೆಂಪಾಚಾರಿಯೇ ಅವನು. ಗುರುವು ಆ ಬಾಲಕನನ್ನು ಬೇಡಿದನು, ತಾಯಿತಂದೆಯರು ಒಪ್ಪಲಿಲ್ಲ. ಕಡೆಗೆ ಗುರುವೇ ಗೆದ್ದು ಅವನನ್ನು ಕರೆದೊಯ್ದು, ವರ್ಷಾಂತರ ಗವಿಯಲ್ಲಿರಿಸಿ, ಹೊಸ ಹೆಸರನ್ನಿತ್ತು ಹೊರತೆಗೆದನು. ಹೀಗೆ ಕೆಂಪಾಚಾರಿಯು ಸಿದ್ದಪ್ಪಾಜಿಯಾದ ಮೇಲೆ ಗುರುವು ಅವನಿಗೆ ಒಪ್ಪಿಸಿದ ಮೊದಲ ಕಾರ್ಯವೇನು? ಹಲಗೂರಿನ ಪಾಂಚಾಳರಲ್ಲಿಗೆ ಹೋಗಿ ಕಬ್ಬಿಣದ ಭಿಕ್ಷವನ್ನು ತರುವುದು. ಯಾವ ಕುಲದಿಂದ ಅವನನ್ನು ಬಿಡಿಸಿ ತಂದರೋ ಆ ಕುಲದವರ ಬಾಗಿಲಿಗೇ, ಅವರು ಗುರುತಿಸಲಾರದ ಭಿಕ್ಷುಕನ ರೂಪದಲ್ಲಿ, ಅವನು ಹಿಂದಿರುಗಬೇಕಾಯಿತು. ಕಬ್ಬಿಣದ ರಾಶಿಯನ್ನು ಇಟ್ಟುಕೊಂಡೇ ಪಾಂಚಾಳರು ಇಲ್ಲವೆಂದರು. ಅವನಿಗೆ ಕಠಿನವಾದ ಪರೀಕ್ಷೆಗಳನ್ನು ಒಡ್ಡಿದರು, ವಿಷವನ್ನೂ ಉಣಿಸಿದರು. ಅವನು ಎಲ್ಲವನ್ನೂ ಜಯಿಸಿ ಕಬ್ಬಿಣವನ್ನು ಪಡೆದನು. ಹಲಗೂರಿನ ಸಾಲನ್ನು ಕೇಳುವವರ ಎದೆ ಬಡಿದುಕೊಳ್ಳುವುದು ಪವಾಡಗಳಿಗಾಗಿ ಮಾತ್ರವಲ್ಲ. ತನ್ನವರ ಮುಂದೆ ನಿಂತು ತಾನು ನಿಮ್ಮವನೆಂದು ಹೇಳಿಕೊಳ್ಳದೆ ನೋವನ್ನು ಸಹಿಸಿದ ಆ ಮೌನದ ದೆಸೆಯಿಂದ.

ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿಯೂ, ರಾಚಪ್ಪಾಜಿಯದು ಕಾವೇರಿಯ ದಡದ ಕಪ್ಪಡಿಯಲ್ಲಿಯೂ, ಸಿದ್ದಪ್ಪಾಜಿಯದು ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿಯೂ ಇರುವುವು. ಪುಷ್ಯಮಾಸದ ಬನದ ಹುಣ್ಣಿಮೆಯಿಂದ ಐದು ದಿನಗಳ ಕಾಲ ಚಿಕ್ಕಲ್ಲೂರಿನ ಜಾತ್ರೆ ನಡೆಯುವುದು. ಮೊದಲ ಇರುಳು ಚಂದ್ರಮಂಡಲವನ್ನು ಹೊತ್ತಿಸುವರು. ಬಳಿಕ ದೊಡ್ಡವರ ಸೇವೆ, ಮುಡಿ ಸೇವೆಗಳಾಗಿ, ನಾಲ್ಕನೆಯ ದಿನ ಪಂಕ್ತಿ ಸೇವೆ, ಐದನೆಯ ದಿನ ಮುತ್ತತ್ತಿರಾಯನ ಸೇವೆ. ಪಂಕ್ತಿ ಸೇವೆಯಲ್ಲಿ ಭಕ್ತರು ಬಿಡಾರಗಳ ಮುಂದೆ ಅಡಿಗೆ ಮಾಡಿ, ಕುಲವನ್ನು ಕೇಳದೆ ಒಂದೇ ಸಾಲಿನಲ್ಲಿ ಕುಳಿತು ಮಾಂಸದೂಟವನ್ನು ಉಣ್ಣುವರು. ಕಲ್ಯಾಣದ ಪಂಕ್ತಿಯಲ್ಲಿ ಸ್ಥಳ ಸಿಕ್ಕದ ಗುರುವಿನ ಶಿಷ್ಯರು ಚಿಕ್ಕಲ್ಲೂರಿನಲ್ಲಿ ಯಾರಿಗೂ ಸ್ಥಳವಿಲ್ಲವೆನ್ನದ ಪಂಕ್ತಿಯನ್ನು ಹಾಕಿದರು. ಕಥೆಯಲ್ಲಿ ಕೇಳಿದ ಪ್ರಶ್ನೆಗೆ ಆಚಾರದಲ್ಲಿ ಉತ್ತರವನ್ನು ಕೊಟ್ಟ ಇಂಥ ಉದಾಹರಣೆ ವಿರಳವಾದುದು.

ಇನ್ನು ಹನೂರಿನಿಂದಾಚೆಗೆ ಏಳುವ ಎಪ್ಪತ್ತೇಳು ಮಲೆಯ ಒಡೆಯ, ಜನರು ಮಾದಪ್ಪನೆಂದು ಕರೆಯುವ ಮಾದೇಶ್ವರನ ಚರಿತೆ. ಉತ್ತರದೇಶದಲ್ಲಿ ಉತ್ತರಾಜಮ್ಮನ ಮಗನಾಗಿ ಹುಟ್ಟಿ, ಸುತ್ತೂರು ಮಠದಲ್ಲಿಯೂ ಕೊಳ್ಳೇಗಾಲದ ಬಳಿಯ ಕುಂತೂರು ಮಠದಲ್ಲಿಯೂ ಇದ್ದು, ಕಡೆಗೆ ಮಲೆಯನ್ನೇರಿದ ಈತನು ಹುಲಿಯನ್ನು ವಾಹನವಾಗಿಸಿಕೊಂಡವನು. ಆದರೆ ಭಕ್ತರ ಬಾಗಿಲಿಗೆ ಬರುವಾಗ ಹುಲಿಯನ್ನು ಹಿಂದೆ ಬಿಟ್ಟು, ಜೋಳಿಗೆ ಬೆತ್ತಗಳನ್ನು ಹಿಡಿದ ಎಳೆಯ ಜಂಗಮನಾಗಿ ಬರುವನು. ಬೇವಿನಹಟ್ಟಿಯ ಕಾಳಮ್ಮನೆಂಬ ಸಿರಿವಂತೆಯು ಭಿಕ್ಷೆಗೆ ಬಂದ ಅವನನ್ನು ಹೀನೈಸಿ ಅಟ್ಟಿ ತನ್ನ ಭಾಗ್ಯವನ್ನೆಲ್ಲ ಕಳೆದುಕೊಂಡಳು. ಕುರಿಹಿಂಡುಗಳ ಒಡೆಯನಾದ ಆಲಂಬಾಡಿಯ ಜುಂಜೇಗೌಡನು ಅವನನ್ನು ಅರಿತು ಗುಡಿಯನ್ನು ಕಟ್ಟಿಸಿದನು. ಬಂಕಾಪುರಿಯ ಶ್ರವಣಾಸುರನು ದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಊಳಿಗ ಮಾಡಿಸುತ್ತಿದ್ದಾಗ, ಮಾದಪ್ಪನು ಆಯುಧವನ್ನು ಹಿಡಿದು ಅವನ ಮೇಲೆ ಏರಿಹೋಗಲಿಲ್ಲ. ಚಮ್ಮಾರ ಹರಳಯ್ಯನ ಕೈಯಿಂದ ಪಾದರಕ್ಷೆಗಳನ್ನು ಮಾಡಿಸಿ, ಅಹಂಕಾರದಿಂದ ಅವನ್ನು ಮೆಟ್ಟಿದ ಅಸುರನನ್ನು ಅವುಗಳಿಂದಲೇ ಕೊನೆಗಾಣಿಸಿದನು. ಬಸವಣ್ಣನವರ ಕಾಲದ ಶರಣ ಹರಳಯ್ಯನ ಹೆಸರು ಮಲೆಯ ಕಾವ್ಯದಲ್ಲಿ ಹೀಗೆ ಅಸುರಸಂಹಾರದ ಕಾರ್ಯದಲ್ಲಿ ಪಾಲುಗೊಂಡುದು ಆಕಸ್ಮಿಕವಲ್ಲ. ಸಮಾಜವು ಕೀಳೆಂದು ಕಂಡ ಕಸುಬಿನ ಕೈಯೇ ದೇವತೆಗಳ ಸೆರೆಯನ್ನು ಬಿಡಿಸಿತೆಂಬುದು ಹಾಡುಗಾರರ ಅಭಿಪ್ರಾಯ.

ಮಾದೇಶ್ವರ ಕಾವ್ಯದಲ್ಲಿ ನನಗೆ ಸರ್ವಶ್ರೇಷ್ಠವೆಂದು ತೋರುವುದು ಸಂಕಮ್ಮನ ಸಾಲು. ಮಲೆಯ ಕಾಡುವಾಸಿಗಳಾದ ಸೋಲಿಗರ ನೀಲೇಗೌಡನು ಬೇಟೆಗೂ ಜೇನಿಗೂ ಬಹುಕಾಲ ಕಾಡಿಗೆ ಹೋಗುವ ಮುನ್ನ, ತಾನಿಲ್ಲದಾಗ ಪರಪುರುಷನನ್ನು ನೋಡುವುದಿಲ್ಲವೆಂದು ಭಾಷೆ ಕೊಡಬೇಕೆಂದು ಹೆಂಡತಿಯನ್ನು ನಿರ್ಬಂಧಿಸಿದನು. ತನ್ನ ಶೀಲವನ್ನು ತಾನರಿತ ಸಂಕಮ್ಮನು ಆ ಅವಮಾನದ ಭಾಷೆಯನ್ನು ಕೊಡಲೊಪ್ಪಲಿಲ್ಲ. ಗಂಡನು ಅವಳನ್ನು ಹಿಂಸಿಸಿ ಸೆರೆಯಲ್ಲಿರಿಸಿ ಹೋದನು. ಆಗ ಜಂಗಮನ ರೂಪದಲ್ಲಿ ಬಂದ ಮಾದಪ್ಪನು ಅವಳನ್ನು ಬಿಡಿಸಿ, ಸಂತಾನದ ವರವನ್ನಿತ್ತನು. ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳು ಹುಟ್ಟಿ ಅವನ ಶಿಷ್ಯರಾದರು. ಈ ಕಥೆಯಲ್ಲಿ ವೇಷ ಧರಿಸಿದವನು ದೇವರೇ ಆದರೂ, ಹತ್ತಿರವಿದ್ದೂ ಗುರುತಾಗದೆ ಉಳಿದವಳು ಸಂಕಮ್ಮ. ಅವಳ ನಿಜವನ್ನು ಒಂದೇ ಹಟ್ಟಿಯಲ್ಲಿ ಬಾಳಿದ ಗಂಡನು ಕಾಣಲಿಲ್ಲ, ದಾರಿಹೋಕನಾಗಿ ಬಂದವನು ಕಂಡನು. ಅತಿಮಾನವ ವೀರರ ಚಿತ್ರಗಳಲ್ಲಿ ನಾಯಕಿಯು ಕನ್ನಡಕದ ಹಿಂದಿನ ವೀರನನ್ನು ಯಾವಾಗ ಗುರುತಿಸುವಳೆಂದು ಪ್ರೇಕ್ಷಕರು ಕಾಯುವರು. ಮಲೆಯ ಹೆಣ್ಣುಮಕ್ಕಳಾದರೋ ತಮ್ಮನ್ನು ಯಾರು ಗುರುತಿಸುವರೆಂದು ಕಾದು, ಸಂಕಮ್ಮನ ಸಾಲು ಬಂದಾಗ ಕಣ್ಣೀರಿಟ್ಟರು.

ಯಳಂದೂರು ತಾಲ್ಲೂಕಿನ ಬಿಳಿಗಿರಿಯಲ್ಲಿಯೂ ಇದೇ ತಂತುವನ್ನು ಕಾಣಬಹುದು. ಗುಡಿಯಲ್ಲಿ ಆಗಮೋಕ್ತವಾಗಿ ಪೂಜೆಗೊಳ್ಳುವ ರಂಗನಾಥನು, ಜನಪದ ಹಾಡಿನಲ್ಲಿ, ತನ್ನ ದೈವತ್ವವನ್ನು ಮರೆಸಿ ಕಾಡಿನ ಹುಡುಗಿ ಕುಸುಮಾಲೆಯ ಬೆನ್ನುಹತ್ತಿ ಅವಳನ್ನು ವರಿಸಿದವನು. ಆದಕಾರಣ ಅವನು ಸೋಲಿಗರಿಗೆ ದೇವರಾಗಿರುವಂತೆಯೇ ಭಾವನೂ ಆಗಿರುವನು, ಅವರು ಹಾಗೆಂದೇ ಸಲಿಗೆಯಿಂದ ಅವನನ್ನು ಕರೆಯುವರು. ಎರಡು ವರ್ಷಕ್ಕೊಮ್ಮೆ ಚರ್ಮದ ಕಸುಬಿನವರು ಭಾರಿ ಗಾತ್ರದ ಪಾದರಕ್ಷೆಗಳನ್ನು ಹೊಲಿದು ಅವನಿಗೆ ಒಪ್ಪಿಸುವರು; ಇರುಳಲ್ಲಿ ಸ್ವಾಮಿಯು ಅವನ್ನು ಮೆಟ್ಟಿ ಕಾಡನ್ನು ಸುತ್ತುವನೆಂಬುದು ನಂಬಿಕೆ. ಹಗಲು ಗರ್ಭಗುಡಿಯಲ್ಲಿ ಒಂದು ಗುರುತು, ಇರುಳು ಕಾಡುದಾರಿಯಲ್ಲಿ ಇನ್ನೊಂದು ಗುರುತು. ಎರಡನ್ನೂ ಬಲ್ಲವರು ಚಪ್ಪಲಿ ಹೊಲಿಯುವವರೂ ಬಾವಮೈದುನರೂ.

ವೇಷವನ್ನು ದೇವರುಗಳು ಮಾತ್ರ ತೊಟ್ಟರೆಂದಲ್ಲ. ಇದೇ ಯಳಂದೂರಿನಲ್ಲಿ ಹುಟ್ಟಿದ ಹೊನ್ನಮ್ಮನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದವಳಾಗಿದ್ದಳು. ಊಳಿಗದ ಹುಡುಗಿಯ ಒಳಗೆ ಕವಿಯೊಬ್ಬಳು ಇರುವುದನ್ನು ಅರಮನೆಯು ಗುರುತಿಸಿತು; ಆಸ್ಥಾನವಿದ್ವಾಂಸರಾದ ಸಿಂಗರಾರ್ಯರಲ್ಲಿ ಶಿಕ್ಷಣವನ್ನು ಪಡೆದು ಅವಳು 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದಳು. ಸಂಚಿಯ ಹೊನ್ನಮ್ಮನೆಂಬ ಹೆಸರಿನಲ್ಲಿ ಊಳಿಗವೂ ಕಾವ್ಯವೂ ಇಂದಿಗೂ ಜೊತೆಯಾಗಿಯೇ ಉಳಿದಿರುವುವು. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು ಮನೆತನದ ರಂಗನಟ ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದು, 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರಿತ್ತ ರಾಜಕುಮಾರನೆಂಬ ಹೆಸರಿನಿಂದ ನಾಡಿಗೆ ಪರಿಚಿತರಾದರು. 1968ರ 'ಜೇಡರ ಬಲೆ'ಯಲ್ಲಿ ಅವರೇ ಗುಪ್ತಚರ ಸಿ.ಐ.ಡಿ. 999 ಆಗಿ ಬಂದಾಗ, ಗುರುತು ಮರೆಸಿಕೊಂಡ ಆಧುನಿಕ ವೀರನೂ ಕನ್ನಡದ ತೆರೆಗೆ ಬಂದಂತಾಯಿತು. ಆ ಮನೆತನ ಬಂದ ಸೀಮೆಯು ವೇಷ ಮರೆಸಿದವರ ಹಾಡುಗಳಿಂದ ತುಂಬಿದ್ದ ಸೀಮೆಯೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ಈ ಕಥೆಗಳನ್ನು ಹೊತ್ತು ತಂದವರ ವೃತ್ತಿಯನ್ನೂ ಕುರಿತು ಹೇಳಬೇಕು. ಹರಕೆಯ ಪ್ರಕಾರ ಮನೆಯ ಮಗನೊಬ್ಬನನ್ನು ದೇವರಿಗೆ ಗುಡ್ಡನಾಗಿ ಬಿಡುವ ಪದ್ಧತಿ ಮಾದಪ್ಪನ ಒಕ್ಕಲಿನಲ್ಲಿ ಉಂಟು. ದೀಕ್ಷೆಯನ್ನು ಪಡೆದ ದೇವರಗುಡ್ಡನು ರುದ್ರಾಕ್ಷಿಯ ಸರವನ್ನು ಧರಿಸಿ, ಕಂಚಿನ ಕಂಸಾಳೆಯನ್ನು ಹಿಡಿಯುವನು. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ತಟ್ಟೆ. ನೀಲಗಾರನಿಗೆ ತಂಬೂರಿ, ಗಗ್ಗರ, ಡಕ್ಕಿಗಳು. ಮುಖ್ಯಗಾಯಕನು ಕಥೆಯನ್ನು ನಡೆಸುತ್ತ, ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಿಡಿಯುತ್ತ, ಹೊತ್ತು ಮುಳುಗಿದ ಮೇಲೆ ತೊಡಗಿದ ಹಾಡು ಬೆಳಗಿನ ಜಾವಕ್ಕೆ ಒಂದೆರಡು ಸಾಲುಗಳನ್ನು ಮಾತ್ರ ಮುಗಿಸುವುದು. ಕೇಳುಗರು ಮೂಕರಾಗಿ ಕೂರುವವರಲ್ಲ. ಕಥೆಯನ್ನು ಮೊದಲೇ ಬಲ್ಲ ಅವರು ತಲೆದೂಗುವರು, ಉಘೇ ಎನ್ನುವರು. ವೀರನ ಗುರುತು ಅವರಿಗೆ ಎಂದೂ ರಹಸ್ಯವಾಗಿರಲಿಲ್ಲ; ತಿರುಕನು ಯಾರೆಂಬುದು ಕಾಳಮ್ಮನಿಗೆ ತಿಳಿಯದು, ಕೇಳುವವರಿಗೆ ತಿಳಿದಿದೆ. ಹೀಗಾಗಿ ಬಾಗಿಲಿಗೆ ಬಂದವನನ್ನು ತಾವು ಹೇಗೆ ಕಾಣುತ್ತಿದ್ದೆವೆಂಬ ಪ್ರಶ್ನೆಯು ಕೇಳುವವರ ಮೇಲೆಯೇ ಬೀಳುವುದು.

ಈ ಹಾಡುಗಾರರೂ ಬಹುತೇಕ ದಲಿತ ಮತ್ತು ಹಿಂದುಳಿದ ಮನೆತನಗಳವರು. ಹಗಲು ಕೂಲಿಯಾಗಿ ದುಡಿದು, ಇರುಳು ಸಾವಿರಾರು ಪದಗಳ ಕಾವ್ಯವನ್ನು ನಾಲಗೆಯ ತುದಿಯಲ್ಲಿ ಇರಿಸಿಕೊಂಡವರು. ವಿದ್ವಲ್ಲೋಕವು ಅವರ ಗುರುತನ್ನು ಹಿಡಿಯಲು ತಡವಾಯಿತು. 1973ರಲ್ಲಿ ಪಿ. ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯವನ್ನು ಮುದ್ರಣಕ್ಕೆ ತಂದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೆಬ್ಬಣಿ ಮಾದಯ್ಯನವರ ತಂಡ ಹಾಡಿ ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಮಾದೇಶ್ವರ ಕಾವ್ಯವನ್ನೂ, ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನೂ ಪ್ರಕಟಿಸಿತು; 2001ರಲ್ಲಿ ಮಾದೇಶ್ವರ ಕಾವ್ಯಕ್ಕೆ ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಮಾಡಿದ ಇಂಗ್ಲಿಷ್ ಅನುವಾದವು ಸಾಹಿತ್ಯ ಅಕಾಡೆಮಿಯಿಂದ ಹೊರಬಂದಿತು. ಎಚ್. ಎಸ್. ಶಿವಪ್ರಕಾಶರ ನಾಟಕದಿಂದ ಮಂಟೇಸ್ವಾಮಿಯು ಆಧುನಿಕ ರಂಗಭೂಮಿಯನ್ನೂ ಏರಿದನು. ಇಷ್ಟಾದರೂ ಹಾಡುಗಾರನ ಮನೆಯ ಮಕ್ಕಳು ತಂಬೂರಿಯನ್ನು ಹಿಡಿಯಲು ಹಿಂಜರಿಯುವುದಾದರೆ, ಅದಕ್ಕೆ ಕಾರಣವು ಅಭಿಮಾನದ ಅಭಾವವಲ್ಲ. ಭಿಕ್ಷೆಯಿಂದ ಬಾಳುವ ವೃತ್ತಿಗೆ ಸಮಾಜವು ಕೊಟ್ಟ ಸ್ಥಾನವು ಕಲ್ಯಾಣದ ಬಾಗಿಲವರು ಮಂಟೇಸ್ವಾಮಿಗೆ ಕೊಟ್ಟ ಸ್ಥಾನಕ್ಕಿಂತ ಬಹಳ ಬೇರೆಯಾದುದಲ್ಲ.

ಹಾಗಾದರೆ ತರುಣರ ವಾದಕ್ಕೆ ಈ ಸೀಮೆಯ ತೀರ್ಪೇನು? ಗುರುತನ್ನು ಮರೆಸುವುದು ಸರಿಯೋ ತೋರಿಸುವುದು ಸರಿಯೋ ಎಂಬ ಪ್ರಶ್ನೆಗೆ ಹಾಡುಗಾರರ ಉತ್ತರ ಸ್ಪಷ್ಟವಾಗಿದೆ. ಬಲ್ಲಿದನು ಎಳಿದನ ವೇಷದಲ್ಲಿ ಬಂದರೆ ಅದು ಧರ್ಮ, ಏಕೆಂದರೆ ಅದರಿಂದ ಎಳಿದನ ಪಾಡು ಏನೆಂಬುದು ಎಲ್ಲರ ಕಣ್ಣಿಗೆ ಬೀಳುವುದು. ಅಯೋಗ್ಯನು ದೊಡ್ಡವನ ವೇಷದಲ್ಲಿ ಬಂದರೆ ಅದು ಮೋಸ, ಅದು ಬಯಲಾಗಲೇಬೇಕು. ಗುರುತನ್ನು ತೋರಿಸಬೇಕಾದ ಮುಹೂರ್ತವನ್ನೂ ಅವರು ನಿಶ್ಚಯಿಸಿರುವರು: ಹೆಸರನ್ನು ಕೇಳದೆ ಯಾರು ಅನ್ನವನ್ನಿಕ್ಕಿದರೋ, ಹುಣ್ಣನ್ನು ಕಂಡು ಯಾರು ಮುಖ ತಿರುಗಿಸಲಿಲ್ಲವೋ, ಅವರಿಗೆ ಮೊದಲು. ಪರದೇಶದ ವೀರನ ಗುಟ್ಟು ಅವನ ಮನೆಯನ್ನು ಕಾಯುವುದು. ನಮ್ಮ ದೊಡ್ಡವರ ಗುಟ್ಟು ಊರನ್ನು ತಿದ್ದುವುದು. ಎರಡರಲ್ಲಿಯೂ ಸ್ವಾರಸ್ಯವುಂಟು, ಎರಡನೆಯದರಲ್ಲಿ ಸ್ವಾರಸ್ಯದ ಮೇಲೆ ಧರ್ಮವಿಚಾರವೂ ಉಂಟು.

ನೆರೆಯ ಮಲಯಾಳಿಗರು 2025ರ 'ಲೋಕಾ' ಚಿತ್ರದಲ್ಲಿ ತಮ್ಮ ಜನಪದದ ಕಳ್ಳಿಯಂಕಾಟ್ಟು ನೀಲಿಯನ್ನು ಬೆಂಗಳೂರಿನಲ್ಲಿ ಗುರುತು ಮರೆಸಿ ಬಾಳುವ ವೀರೆಯನ್ನಾಗಿ ಮಾಡಿ ದೊಡ್ಡ ಯಶಸ್ಸನ್ನು ಗಳಿಸಿದರು. ಕೊಳ್ಳೇಗಾಲದ, ಹನೂರಿನ, ಯಳಂದೂರಿನ ತರುಣರಲ್ಲಿ ಚಿತ್ರಕಥೆಯನ್ನು ಬರೆಯುವ ಆಸೆಯುಳ್ಳವರಿಗೆ ನನ್ನದೊಂದು ವಿನಂತಿ: ಬನದ ಹುಣ್ಣಿಮೆಯಂದು ಚಿಕ್ಕಲ್ಲೂರಿಗೆ ಹೋಗಿರಿ, ನಿಮ್ಮೂರಿನ ನೀಲಗಾರರನ್ನೂ ದೇವರಗುಡ್ಡರನ್ನೂ ಮನೆಯೊಳಗೆ ಕರೆದು ಕೂರಿಸಿ, ಕಥೆಯನ್ನು ತುಂಡುಮಾಡದೆ ಪೂರ್ತಿ ಹಾಡಿಸಿ, ಅವರ ಹೆಸರಿನಲ್ಲಿಯೇ ದಾಖಲಿಸಿರಿ, ಅವರ ಶ್ರಮಕ್ಕೆ ತಕ್ಕ ಸಂಭಾವನೆಯನ್ನು ಕೊಡಿರಿ. ಆಮೇಲೆ ನೀವು ತೆಗೆಯುವ ಚಿತ್ರದಲ್ಲಿ ಸಂಕಮ್ಮನೋ ಸಿದ್ದಪ್ಪಾಜಿಯೋ ಬಂದರೆ, ಆ ಕಥೆಯನ್ನು ಕಾಪಾಡಿದವರ ಹೆಸರು ತೆರೆಯ ಮೇಲೆ ಎಲ್ಲರಿಗಿಂತ ಮೊದಲು ಬರಲಿ.